ಪಾಯಿಂಟ್ ತೆಗೆದರೆ ಪಿಕಪ್ ಬರುತ್ತದೆಯೇ?

ಹಳೇ ಅಂಬಾಸಿಡರ್ ಕೊಂಡವರು ತಿಂಗಳೊಳಗೆ ಕೇಳುವ ಪ್ರಶ್ನೆ ಇದು: ಡೆಲ್ಕೊ (ಡಿಸ್ಟ್ರಿಬ್ಯೂಟರ್) ಒಳಗಿನ ಪಾಯಿಂಟ್ ಕಿತ್ತು ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕಿಸಿದರೆ ಗಾಡಿಯ ಪವರ್ ಜಾಸ್ತಿಯಾಗುತ್ತದೆಯೇ? ಆಗುವುದಿಲ್ಲ. ಕೈಬಿಟ್ಟುಹೋದ ಪವರ್ ವಾಪಸ್ ಬರುತ್ತದೆ, ಬಂದದ್ದು ಬಹುಕಾಲ ಉಳಿಯುತ್ತದೆ. ಕಿಟ್‌ಗೆ ಕೊಟ್ಟ ದುಡ್ಡಿಗೆ ಅಷ್ಟು ಸಾಕು ಅನ್ನುವವನು ನಾನು.

ಲೆಕ್ಕ ಹಾಕಿ ನೋಡಿ. ಇಸುಝು ಎಂಜಿನ್ ಬರುವ ಮುಂಚಿನ ಹೆಚ್ಚಿನ ಅಂಬಾಸಿಡರ್‌ಗಳಲ್ಲಿದ್ದದ್ದು 1,489 ಸಿಸಿಯ ಬಿಎಂಸಿ ಪೆಟ್ರೋಲ್ ಎಂಜಿನ್, ನಾಲ್ಕು ಸಿಲಿಂಡರ್. ಅದು 4,000 ಆರ್‌ಪಿಎಂನಲ್ಲಿ ತಿರುಗುವಾಗ ನಿಮಿಷಕ್ಕೆ 8,000 ಕಿಡಿ ಬೇಕು. ಒಂದು ಕಿಡಿಯಿಂದ ಇನ್ನೊಂದಕ್ಕೆ 7.5 ಮಿಲಿಸೆಕೆಂಡ್. ಅದರಲ್ಲಿ ಹೆಚ್ಚುಕಡಿಮೆ 5 ಮಿಲಿಸೆಕೆಂಡ್ ಪಾಯಿಂಟ್ ಮುಚ್ಚಿಕೊಂಡಿರುತ್ತದೆ, ಕಾಯಿಲ್ ತುಂಬಿಕೊಳ್ಳುತ್ತದೆ. ಮಾಮೂಲಿ ಮೂರು ಓಮ್ ಕಾಯಿಲ್‌ಗೆ ಅಷ್ಟು ಹೊತ್ತು ಧಾರಾಳ. ಸೆಟ್ಟಿಂಗ್ ಸರಿಯಿರುವ ಪಾಯಿಂಟ್ ಕೊಡುವ ಕಿಡಿಗೇ ಸಿಲಿಂಡರಿನ ಮಿಶ್ರಣ ಪೂರ್ತಿ ಹೊತ್ತಿಕೊಳ್ಳುತ್ತದೆ. ಅದಕ್ಕಿಂತ ದಪ್ಪ ಕಿಡಿ ಕೊಟ್ಟರೆ ಹೊಸದಾಗಿ ಹೊತ್ತಿಕೊಳ್ಳಲು ಏನೂ ಉಳಿದಿರುವುದಿಲ್ಲ. ಎಂಟು ಸಿಲಿಂಡರಿನ ಅಮೆರಿಕನ್ ಗಾಡಿಗಳ ವಿಷಯ ಬೇರೆ. ಅವು ಜೋರಾಗಿ ತಿರುಗುವಾಗ ಕಾಯಿಲ್‌ಗೆ ತುಂಬಿಕೊಳ್ಳಲು ಪುರಸೊತ್ತೇ ಸಿಗುವುದಿಲ್ಲ. 1973ರ ಹೊತ್ತಿಗೆ ಕ್ರೈಸ್ಲರ್ ತನ್ನ ಅಮೆರಿಕನ್ ಕಾರುಗಳಿಗೆಲ್ಲ ಎಲೆಕ್ಟ್ರಾನಿಕ್ ಇಗ್ನಿಷನ್ ಕೊಟ್ಟಿತು. ಅಲ್ಲಿಯೂ ಹೊಗೆಯ ಕಾನೂನಿನ ಒತ್ತಡ ದೊಡ್ಡದಿತ್ತು: ಸಾವಿರಾರು ಮೈಲಿ ಓಡಿದ ಮೇಲೂ ಟೈಮಿಂಗ್ ಕದಲಬಾರದು.

ಟೈಮಿಂಗ್ ಕದಲುವುದು ಹೇಗೆಂದು ನೋಡಬೇಕಾದರೆ ಡೆಲ್ಕೊ ಕ್ಯಾಪ್ ಬಿಚ್ಚಿ. ಕ್ಯಾಮ್ ಮೇಲೆ ಉಜ್ಜುವ ಫೈಬರ್ ಹಿಮ್ಮಡಿ ದಿನವೂ ಒಂದಿಷ್ಟು ಸವೆಯುತ್ತದೆ. ಸವೆದಷ್ಟೂ ಗ್ಯಾಪ್ ಕಿರಿದಾಗುತ್ತದೆ, ಪಾಯಿಂಟ್ ತಡವಾಗಿ ತೆರೆಯುತ್ತದೆ, ಕಿಡಿ ಹಿಂದೆ ಬೀಳುತ್ತದೆ. ಇತ್ತ ಪಾಯಿಂಟಿನ ಒಂದು ಮುಖದಲ್ಲಿ ಗುಳಿ, ಎದುರು ಮುಖದಲ್ಲಿ ದಿಬ್ಬ. 15 ಥೌ (ಇಂಚಿನ ಸಾವಿರದಲ್ಲಿ ಹದಿನೈದು ಪಾಲು) ಫೀಲರ್ ಗೇಜ್ ತೂರಿಸಿದರೆ ಅದು ದಿಬ್ಬಕ್ಕೆ ತಾಗಿ ನಿಲ್ಲುತ್ತದೆ. ಗುಳಿಯ ಆಳ ಅದಕ್ಕೆ ತಿಳಿಯದು. ಅದಕ್ಕೇ ಹಳೇ ಪಾಯಿಂಟನ್ನು, ಅದು ಎಷ್ಟು ಹೊತ್ತು ಮುಚ್ಚಿರುತ್ತದೆಂದು ಅಳೆಯುವ ಡ್ವೆಲ್ ಮೀಟರ್ ಇಟ್ಟೇ ಹೊಂದಿಸಬೇಕು. ಪಿಕಪ್ ಕುಸಿಯುವುದು ಎಷ್ಟು ನಿಧಾನವೆಂದರೆ, ದಿನಾ ಓಡಿಸುವವರಿಗೆ ಅದು ಗೊತ್ತೇ ಆಗುವುದಿಲ್ಲ.

ಕಿಟ್ ಹಾಕುವ ದಿನ ಮೆಕ್ಯಾನಿಕ್ ಪ್ಲಗ್ ಬದಲಿಸುತ್ತಾರೆ, ಹೊಸ ರೋಟರ್ ಕೂರಿಸುತ್ತಾರೆ, ಟೈಮಿಂಗ್ ಲೈಟ್ ಹಿಡಿದು ಮಾರ್ಕ್ ಹೊಂದಿಸುತ್ತಾರೆ. ಗಾಡಿ ಚಿಮ್ಮುತ್ತದೆ, ಹೆಸರು ಪೂರ್ತಿ ಕಿಟ್‌ಗೆ ಹೋಗುತ್ತದೆ. ಅಷ್ಟೇ ಶ್ರದ್ಧೆಯಿಂದ ಹೊಸ ಪಾಯಿಂಟ್, ಹೊಸ ಕಂಡೆನ್ಸರ್ ಹಾಕಿದ್ದರೂ ಅವತ್ತು ಗಾಡಿ ಹಾಗೇ ಓಡುತ್ತಿತ್ತು. ವ್ಯತ್ಯಾಸ ಕಾಣುವುದು ಎಂಟು-ಹತ್ತು ಸಾವಿರ ಕಿಲೋಮೀಟರ್ ಆದ ಮೇಲೆ. ಕಿಟ್ ಇರುವ ಗಾಡಿಯ ಮಾರ್ಕ್ ಇಟ್ಟಲ್ಲೇ ಇರುತ್ತದೆ.

ಕಿಟ್ ಕೊಳ್ಳುವ ಮುಂಚೆ ರೋಟರನ್ನು ಎರಡು ಬೆರಳಲ್ಲಿ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ. ಶಾಫ್ಟ್ ಆಡಿದರೆ ಬುಷ್ ಸವೆದಿದೆ. ಅಂಥ ಡೆಲ್ಕೊದಲ್ಲಿ ಪಾಯಿಂಟಿನ ಗ್ಯಾಪ್ ಸಿಲಿಂಡರಿಗೊಂದು ಥರ ಆಗುತ್ತದೆ. ಆಯಸ್ಕಾಂತದಿಂದ ಕಿಡಿಯ ಗಳಿಗೆ ಗುರುತಿಸುವ ಕಿಟ್ ಈ ಆಟವನ್ನು ಪಾಯಿಂಟಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ, ನಿಜ. ಆದರೆ ಬುಷ್ ರಿಪೇರಿಯಾಗುವುದಿಲ್ಲ. ವೇಗಕ್ಕೆ ತಕ್ಕಂತೆ ಅಡ್ವಾನ್ಸ್ ಕೊಡುವ ತೂಕ, ಸ್ಪ್ರಿಂಗ್, ವ್ಯಾಕ್ಯೂಮ್ ಡಯಾಫ್ರಾಮ್ ಕೂಡ ಹಳೆಯವೇ. ಸ್ಪ್ರಿಂಗ್ ಸಡಿಲಾಗಿದ್ದರೆ ಎಷ್ಟು ದುಬಾರಿ ಕಿಟ್ ಹಾಕಿದರೂ ಏರಿನಲ್ಲಿ ಎಂಜಿನ್ ನಾಕಿಂಗ್ ನಿಲ್ಲದು. ದುಡ್ಡು ಕಡಿಮೆಯಿದ್ದರೆ ಮೊದಲು ಡೆಲ್ಕೊ ಓವರ್‌ಹಾಲ್ ಮಾಡಿಸಿ, ಕಿಟ್ ಆಮೇಲೆ ನೋಡೋಣ.

ಹಾಕಿಸಿದ ಮೇಲೆ ಎಂಜಿನ್ ನಿಲ್ಲಿಸಿ ಕೀ ಆನ್‌ನಲ್ಲೇ ಬಿಡುವ ಅಭ್ಯಾಸ ಬೇಡ. ಬಿಸಿಯೇರಿ ಕಿಟ್‌ನ ಮಾಡ್ಯೂಲ್ ಸುಡುವ ಅಪಾಯವಿದೆ. ಪಾಯಿಂಟ್ ಕೆಟ್ಟರೆ ಶಿರಾಡಿ ಘಾಟಿಯ ನಡುವೆಯೂ ಒಂದು ಸ್ಕ್ರೂಡ್ರೈವರ್ ಹಿಡಿದು ಗಾಡಿ ಹೊರಡಿಸಬಹುದು, ಮಾಡ್ಯೂಲ್ ಸತ್ತರೆ ಆಗದು. ಬಿಚ್ಚಿದ ಪಾಯಿಂಟ್ ಪ್ಲೇಟನ್ನು ಕಂಡೆನ್ಸರ್ ಸಮೇತ ಡಿಕ್ಕಿಯಲ್ಲಿಡಿ. ಕಿಟ್ ಒಪ್ಪುವುದಾದರೆ ಹಳೇ ಮೂರು ಓಮ್ ಕಾಯಿಲನ್ನೂ ಬದಲಿಸಬೇಡಿ. ಕಡಿಮೆ ಓಮ್‌ನ ಕಾಯಿಲ್ ಕೂರಿಸಿಕೊಂಡಿದ್ದರೆ ಆಪತ್ತಿಗೆ ಹಾಕಿದ ಪಾಯಿಂಟ್ ಬೇಗ ಸುಟ್ಟುಹೋಗುತ್ತದೆ.