ತೊಟ್ಟವರೇ ತೀರ್ಪುಗಾರರು

ಕೈಯಿಂದ ಹೆಣೆದ ಸ್ವೆಟರನ್ನು ಯಾರಾದರೂ ಉಡುಗೊರೆ ಕೊಟ್ಟರೆ ನಮ್ಮ ಮನೆಗಳಲ್ಲಿ ಅದರ ಗುಣದೋಷದ ಮಾತೇ ಏಳುವುದಿಲ್ಲ. ಪಟ್ಟ ಶ್ರಮವನ್ನು ಹೊಗಳುತ್ತೇವೆ, ಒಮ್ಮೆ ತೊಟ್ಟು ಫೋಟೊ ತೆಗೆಸಿಕೊಳ್ಳುತ್ತೇವೆ, ಆಮೇಲೆ ನುಸಿಗುಳಿಗೆ ಹಾಕಿ ಬೀರುವಿನಲ್ಲಿ ಇಡುತ್ತೇವೆ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಎಲೆಯ ಮುಂದೆ ಕೂತೇ ಹೇಳುವ ನಾವು, ಸ್ವೆಟರಿನ ಕತ್ತು ಬಿಗಿಯಾಯಿತೆಂದು ಹೇಳುವುದಿಲ್ಲ. ಈ ದಾಕ್ಷಿಣ್ಯದಿಂದ ಒಂದು ಒಳ್ಳೆಯ ಕಸುಬು ವಿಮರ್ಶೆಯಿಲ್ಲದೆ ಸೊರಗಿದೆ. ಹೆಣಿಗೆಯ ಉಡುಗೊರೆಯನ್ನು ಅಳೆಯಬೇಕಾದದ್ದು ಕೊಟ್ಟವರ ಶ್ರಮದಿಂದಲ್ಲ, ತೊಟ್ಟವರ ಮೈಯಿಂದ. ಅದು ಬಳಕೆಯಾಗುತ್ತಿದೆಯೇ ಎಂಬುದೇ ಮೊದಲ ಪ್ರಶ್ನೆ, ಕೊನೆಯ ಪ್ರಶ್ನೆಯೂ ಅದೇ.

ಈ ಪ್ರಶ್ನೆಯನ್ನು ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ನಿಂತು ಕೇಳುವುದಕ್ಕೆ ಕಾರಣವಿದೆ. ದೇಶದ ಹತ್ತಿ ಹೆಣಿಗೆ ಬಟ್ಟೆಯ ರಾಜಧಾನಿ ತಿರುಪ್ಪೂರು. ಒಂದು ಕಾಲಕ್ಕೆ ಬಿಳಿ ಬನಿಯನ್ನಿಗೆ ಹೆಸರಾಗಿದ್ದ ಊರು, 1970ರ ದಶಕದ ಕೊನೆಯಲ್ಲಿ ಇಟಲಿಯ ವರ್ತಕರು ಟೀ ಶರ್ಟ್ ಹುಡುಕಿಕೊಂಡು ಬಂದ ಮೇಲೆ ರಫ್ತಿನ ಊರಾಯಿತು. 1990ರಲ್ಲಿ ರಫ್ತುದಾರರ ಸಂಘ ಕಟ್ಟಿಕೊಂಡಿತು, 2009ರಲ್ಲಿ ಜಿಲ್ಲಾಕೇಂದ್ರವಾಯಿತು. ಇಂದು ಅದರ ವಾರ್ಷಿಕ ರಫ್ತು 30,000 ಕೋಟಿ ರೂಪಾಯಿಗಿಂತ ಹೆಚ್ಚು. ಪಕ್ಕದ ಕೊಯಮತ್ತೂರಿನಲ್ಲಿ ನೂಲಿನ ಗಿರಣಿಗಳು 1888ರಿಂದ ಇವೆ. ಹೆಣಿಗೆ ಬಟ್ಟೆ ಇಷ್ಟು ಅಗ್ಗವಾಗಿ ಸಿಗುವಲ್ಲಿ ಒಬ್ಬರು ಕಡ್ಡಿ ಹಿಡಿದು ಕೂರುವುದಕ್ಕೆ ಸಮರ್ಥನೆ ಏನು? ಇಲ್ಲಿ ನಿಲ್ಲುವ ಸಮರ್ಥನೆ ಬೇರೆಲ್ಲೂ ನಿಲ್ಲುತ್ತದೆ.

ಮೊದಲು ಶ್ರಮದ ಲೆಕ್ಕ. ನಲವತ್ತು ಅಂಗುಲದ ಎದೆಯಳತೆಗೆ, ಅಂಗುಲಕ್ಕೆ ಐದು ಕುಣಿಕೆಯಂತೆ ಹೆಣೆದರೆ ಸುತ್ತಿಗೆ 200 ಕುಣಿಕೆ. ಮೈಯೂ ತೋಳುಗಳೂ ಸೇರಿ ಒಂದು ಸ್ವೆಟರಿಗೆ ಸುಮಾರು 50,000 ಕುಣಿಕೆ ಬೇಕು. ನಿಮಿಷಕ್ಕೆ ಮೂವತ್ತರಂತೆ ಎಲ್ಲೂ ನಿಲ್ಲಿಸದೆ ಹೆಣೆದರೂ ಇಪ್ಪತ್ತೆಂಟು ಗಂಟೆ. ಬಿಚ್ಚುವುದು, ಎಣಿಸುವುದು, ಜೋಡಿಸುವುದು ಬೇರೆ. ತಿರುಪ್ಪೂರಿನ ಶೆಡ್ಡುಗಳಲ್ಲಿ ಸುತ್ತುವ ಮೂವತ್ತು ಅಂಗುಲ ವ್ಯಾಸದ, 24 ಗೇಜಿನ (ಅಂದರೆ ಅಂಗುಲಕ್ಕೆ 24 ಸೂಜಿಯ) ಯಂತ್ರದಲ್ಲಿ ಸುಮಾರು 2,260 ಸೂಜಿಗಳಿರುತ್ತವೆ. ತೊಂಬತ್ತು ಕಡೆಯಿಂದ ನೂಲು ಉಣ್ಣುತ್ತ ನಿಮಿಷಕ್ಕೆ ಇಪ್ಪತ್ತೈದು ಸುತ್ತು ಬಂದರೆ ಅದು ನಿಮಿಷಕ್ಕೆ 50 ಲಕ್ಷ ಕುಣಿಕೆ ಹಾಕುತ್ತದೆ. ಕೈ ಇಪ್ಪತ್ತೆಂಟು ಗಂಟೆ ದುಡಿದು ಹಾಕಿದಷ್ಟನ್ನು ಯಂತ್ರ ಒಂದು ಸೆಕೆಂಡಿನಲ್ಲಿ ಹಾಕಿ ಮುಗಿಸುತ್ತದೆ. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲದ ಯಂತ್ರ ಕಟ್ಟಿದಾಗಲೇ ವೇಗದಲ್ಲಿ ಕೈ ಸೋತಾಗಿತ್ತು. ಇನ್ನೂ ಶ್ರಮವನ್ನೇ ಮುಂದಿಟ್ಟು ಕೈಹೆಣಿಗೆಯ ಬೆಲೆ ಹೇಳಿದರೆ ಅದು ಸೋತ ಪಂದ್ಯವನ್ನೇ ಮತ್ತೆ ಆಡಿದಂತೆ.

ಹಾಗೆಂದು ಯಂತ್ರದ ಬಟ್ಟೆಗೆ ಕೈಯೇ ತಾಗಿಲ್ಲ ಅನ್ನುವುದೂ ಸುಳ್ಳು. ಹೆಣೆಯುವುದಷ್ಟೇ ಯಂತ್ರದ ಪಾಲು. ಆ ಬಟ್ಟೆಯನ್ನು ಕತ್ತರಿಸುವವರು, ಓವರ್‌ಲಾಕಿನಲ್ಲಿ ಭುಜ ಜೋಡಿಸುವವರು, ಎಳೆ ಕಿತ್ತು ಚೆಕ್ಕಿಂಗ್ ಮಾಡುವವರು, ಇಸ್ತ್ರಿ ಹಾಕಿ ಮಡಿಸುವವರು ಎಲ್ಲ ಮನುಷ್ಯರೇ, ಅವರಲ್ಲಿ ಬಹಳಷ್ಟು ಮಂದಿ ಹೆಂಗಸರು. ಅವರ ಕೈಯನ್ನು ಮರೆತು ನಮ್ಮ ಕೈಯನ್ನು ಮಾತ್ರ ಕೈ ಎಂದುಕೊಳ್ಳುವುದು ನ್ಯಾಯವಲ್ಲ. ಬಣ್ಣದ ಪಾಪವೂ ಹಾಗೆಯೇ. ನೊಯ್ಯಲ್ ನದಿಗೆ ತಿರುಪ್ಪೂರಿನ ಬಣ್ಣದ ನೀರು ಹರಿದು ಒರತ್ತುಪಾಳಯಂ ಅಣೆಕಟ್ಟು ವಿಷದ ಕೆರೆಯಾಯಿತು. 2011ರಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಘಟಕಗಳನ್ನು ಮುಚ್ಚಿಸಿತು. ಒಂದು ಹನಿಯನ್ನೂ ಹೊರಬಿಡದ ಶುದ್ಧೀಕರಣದ ನಿಯಮ ಅಲ್ಲಿ ಗಟ್ಟಿಯಾಗಿ ಬೇರೂರಿದ್ದು ಆ ಬಳಿಕ. ಆದರೆ ನಾವು ಅಂಗಡಿಯಿಂದ ತರುವ ಗುಲಾಬಿ, ತಿಳಿನೀಲಿ ಉಂಡೆಗಳೂ ಎಲ್ಲೋ ಬಣ್ಣದ ತೊಟ್ಟಿಯಲ್ಲಿ ಮುಳುಗಿ ಎದ್ದವೇ.

ಹಾಗಾದರೆ ಕೈಹೆಣಿಗೆಯ ನಿಜವಾದ ಹೆಚ್ಚುಗಾರಿಕೆ ಎಲ್ಲಿದೆ? ಅದು ಬಟ್ಟೆಯನ್ನೂ ಆಕಾರವನ್ನೂ ಒಟ್ಟಿಗೇ ಹುಟ್ಟಿಸುತ್ತದೆ. ಟೀ ಶರ್ಟಿನದು ಕತ್ತರಿಯ ಕೆಲಸ: ಉದ್ದನೆಯ ಬಟ್ಟೆ ಹಾಸಿ, ಎಸ್, ಎಂ, ಎಲ್ ಎಂಬ ಸರಾಸರಿ ಮೈಗಳಿಗೆ ಕತ್ತರಿಸಿ, ಉಳಿದದ್ದನ್ನು ಬನಿಯನ್ ವೇಸ್ಟ್ ಎಂದು ತೂಕಕ್ಕೆ ಮಾರುತ್ತಾರೆ. ಕಡ್ಡಿ ಹಿಡಿದವರಿಗೆ ಕತ್ತರಿ ಬೇಡ. ಎಡ ಭುಜ ಇಳಿದಿದ್ದರೆ ಅಲ್ಲಿ ನಾಲ್ಕು ಸಾಲು ಕಡಿಮೆ ಹೆಣೆಯಬಹುದು. ಬೆನ್ನು ಬಾಗಿದ ಅಜ್ಜನಿಗೆ ಹಿಂಭಾಗ ಎರಡು ಅಂಗುಲ ಉದ್ದ ಬಿಡಬಹುದು. ಕಾಲು ಊದಿಕೊಳ್ಳುವ ಅತ್ತೆಗೆ ಮೇಲ್ತುದಿ ಕಚ್ಚದ ಕಾಲುಚೀಲ ಮಾಡಬಹುದು. ಎರಡನೆಯ ಗುಣ ಇನ್ನೂ ದೊಡ್ಡದು. ಮಗು ಬೆಳೆದರೆ ಬಿಚ್ಚಿ, ನೂಲು ತೊಳೆದು, ಹೊಸ ನೂಲು ಸೇರಿಸಿ ಮತ್ತೆ ಹೆಣೆಯಬಹುದು. ಕತ್ತರಿಸಿದ ಬಟ್ಟೆಗೆ ಆ ಪುನರ್ಜನ್ಮವಿಲ್ಲ. ಒಬ್ಬರ ಮೈಗೆ ಒಪ್ಪುವುದು, ಮತ್ತೆ ಬಿಚ್ಚಿ ಕಟ್ಟಲು ಬರುವುದು: ಈ ಎರಡು ಇದ್ದರೆ ಕೈಹೆಣಿಗೆ ತಿರುಪ್ಪೂರಿನ ಮುಂದೆಯೂ ತಲೆಯೆತ್ತಿ ನಿಲ್ಲುತ್ತದೆ, ಇಲ್ಲದಿದ್ದರೆ ಇಲ್ಲ.

ದುಃಖದ ಸಂಗತಿಯೆಂದರೆ ನಮ್ಮ ಉಡುಗೊರೆಗಳಲ್ಲಿ ಹೆಚ್ಚಿನವು ಈ ಎರಡನ್ನೂ ಕೈಬಿಟ್ಟಿವೆ. ಅದಕ್ಕೆ ಕಾರಣ ಈ ಕಸುಬು ಇಲ್ಲಿಗೆ ಬಂದ ದಾರಿಯಲ್ಲಿದೆ. ಕಡ್ಡಿ ಹೆಣಿಗೆ ದಕ್ಷಿಣಕ್ಕೆ ಬಂದದ್ದು ಚಳಿನಾಡಿನವರ ಜೊತೆ. ಮಿಷನ್ ಶಾಲೆಗಳ ಹೊಲಿಗೆ ತರಗತಿ, ನೀಲಗಿರಿಯ ಬಿಳಿಯರ ಬಂಗಲೆಗಳ ಮೂಲಕ. ಬೆಟ್ಟದ ಮೇಲೆ ಅದಕ್ಕೆ ನೆಲೆಯೂ ಸಿಕ್ಕಿತು. ನಮ್ಮ ಅಂಗಡಿಗಳಲ್ಲಿ ಸಿಗುವ ‘ಪೋನಿ’ ಹೆಣಿಗೆ ಕಡ್ಡಿ, ಕ್ರೋಶಾ ಕಡ್ಡಿಗಳನ್ನು ತಯಾರಿಸುವ ನೀಡಲ್ ಇಂಡಸ್ಟ್ರೀಸ್ 1949ರಲ್ಲಿ ಸ್ಥಾಪನೆಯಾದ ಕಂಪನಿ; ಅದರ ಕಾರ್ಖಾನೆ ಇರುವುದು ಬಡಗರ ಹಟ್ಟಿಗಳ ನಡುವಿನ ಕೇತಿಯಲ್ಲಿ. ಊಟಿಯ ಬಳಿಯ ಸ್ಯಾಂಡಿನಲ್ಲಾ ಕೇಂದ್ರದಲ್ಲಿ, ಹೊರನಾಡಿನ ಮೆರಿನೊ ಮುಂತಾದ ತಳಿಗಳ ಬೆರಕೆಯಿಂದ ಬಂದ ನೀಲಗಿರಿ ಕುರಿಯ ನಯವಾದ ಉಣ್ಣೆ ಇದೆ. ಬೆಟ್ಟದಲ್ಲಿ ಉಣ್ಣೆಯ ಸ್ವೆಟರ್ ಅಗತ್ಯ, ಅಲ್ಲಿ ಅದಕ್ಕೆ ಯಾರೂ ವಾದ ಮಾಡಬೇಕಿಲ್ಲ. ಆದರೆ ಮೇಟುಪಾಳಯಂ ದಾಟಿ ಬಯಲಿಗೆ ಇಳಿದ ಮೇಲೂ ಅದೇ ನಮೂನೆ, ಅದೇ ದಪ್ಪ, ಅದೇ ಮುಚ್ಚುಕತ್ತು ಮುಂದುವರಿದದ್ದು ತಪ್ಪು.

ಕೊಯಮತ್ತೂರಿಗೆ ಬೇಕಾದದ್ದು ಬೇರೆ. ಮಾರ್ಗಶಿರದ ಬೆಳಗಿನಲ್ಲೂ ಇಲ್ಲಿ ಮೈ ನಡುಗುವುದಿಲ್ಲ. ತೆಳುವಾದ ಹೊದಿಕೆ ಸಾಕು. ನಿಜವಾಗಿ ಕಾಡುವುದು ಆಷಾಢದಲ್ಲಿ ಪಾಲಕ್ಕಾಡ್ ಕಣಿವೆಯಿಂದ ನುಗ್ಗಿ ಬರುವ ಗಾಳಿ. ಬೆಳಿಗ್ಗೆ ಐದಕ್ಕೆ ಸ್ಕೂಟರಿನಲ್ಲಿ ಗಿರಣಿಗೆ ಹೋಗುವ ಮಗನಿಗೆ ಬೇಕಾದದ್ದು ಎದೆಗೆ ಗಾಳಿ ತಡೆಯುವ, ಬೆವರು ಹೀರುವ, ಎಂಟು ಗಂಟೆಗೆ ಬಿಚ್ಚಿ ಚೀಲಕ್ಕೆ ತುರುಕಬಹುದಾದ ತೋಳಿಲ್ಲದ ಅಂಗಿ. ಅಮ್ಮ ಹೆಣೆದು ಕೊಡುವುದು ಜಡೆ ಜಡೆಯಾದ ಕೇಬಲ್ ನಮೂನೆಯ ಉದ್ದತೋಳಿನ ಸ್ವೆಟರ್. ನಮೂನೆ ಹೆಣೆಯಲು ಖುಷಿ, ನೋಡಲು ಚೆಂದ, ತೊಡಲು ಕಷ್ಟ. ಕೊಡುವವರ ಸಂತೋಷ ಪಡೆಯುವವರ ಅಗತ್ಯವನ್ನು ನುಂಗಿದೆ.

ನೂಲಿನ ಆಯ್ಕೆ ಇದಕ್ಕಿಂತ ಗಂಭೀರ ದೋಷ. ‘ಉಲ್ಲನ್’ ಎಂದು ನಾವು ಕೊಳ್ಳುವ ಉಂಡೆಗಳಲ್ಲಿ ಬಹುಪಾಲು ಅಕ್ರಿಲಿಕ್. ಪೆಟ್ರೋಲಿಯಂ ಮೂಲದ ಎಳೆ. ಅಗ್ಗ, ಬಣ್ಣ ಗಟ್ಟಿ, ನುಸಿ ಹಿಡಿಯದು, ನಿಜ. ಆದರೆ ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು ತೇವ ಹೀರಿಯೂ ಒದ್ದೆ ಅನಿಸುವುದಿಲ್ಲ. ಅಕ್ರಿಲಿಕ್ ಹೀರುವುದು ಅತ್ಯಲ್ಪ, ಬೆವರು ಮೈಗೇ ಅಂಟುತ್ತದೆ. ಬೆಂಕಿ ತಾಗಿದರೆ ಅದು ಕರಗಿ ಚರ್ಮಕ್ಕೆ ಹತ್ತಿಕೊಳ್ಳುತ್ತದೆ. ನಮ್ಮ ಬಾಣಂತಿ ಕೋಣೆಗಳಲ್ಲಿ ಎರೆದ ಮೇಲೆ ಕೂಸಿಗೆ ಸಾಂಬ್ರಾಣಿ ಹೊಗೆ ಹಿಡಿಯುವ ರೂಢಿ ಇನ್ನೂ ಇದೆ. ಕೆಂಡದ ಬಳಿ ಅಕ್ರಿಲಿಕ್ ಕುಲಾವಿ ತೊಟ್ಟ ಮಗುವನ್ನು ಹಿಡಿಯುವುದು ಅಪಾಯ. ಇದನ್ನು ಯಾವ ಅಜ್ಜಿಗೂ ಮುಲಾಜಿಲ್ಲದೆ ಹೇಳಬೇಕು.

ಕುಲಾವಿಯ ಬಗ್ಗೆಯೇ ಇನ್ನೊಂದು ಮಾತು. ತೊಟ್ಟಿಲು ಹಾಕುವ ದಿನ ತವರಿನಿಂದ ಬರುವ ಕುಲಾವಿ, ಕಾಲುಚೀಲ ನಮ್ಮ ಹೆಣಿಗೆಯ ಅತ್ಯುತ್ತಮ ಪ್ರಕಾರ: ಕೆಲಸ ಚಿಕ್ಕದು, ಅಳತೆ ತಪ್ಪಿದರೂ ಕೂಸು ಬೆಳೆದು ತುಂಬಿಕೊಳ್ಳುತ್ತದೆ, ಮುಂದಿನ ಕೂಸಿಗೂ ದಾಟುತ್ತದೆ. ತಾಯಿಯ ಎದೆಗೆ ಒತ್ತಿ ಇಟ್ಟುಕೊಳ್ಳುವ ಕಾಂಗರೂ ಆರೈಕೆಯಲ್ಲಿರುವ ಕಡಿಮೆ ತೂಕದ ಶಿಶುಗಳಿಗೆ ಟೋಪಿ, ಕಾಲುಚೀಲ ವೈದ್ಯರೇ ಹೇಳುವ ಅಗತ್ಯ. ಆದರೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರ ಮಾರ್ಗಸೂಚಿಯಲ್ಲಿ, ಹುಟ್ಟಿದ ಮೊದಲ ಗಂಟೆಗಳನ್ನೂ ತೀವ್ರನಿಗಾ ಘಟಕವನ್ನೂ ಬಿಟ್ಟರೆ, ಮನೆಯೊಳಗೆ ಮಲಗಿದ ಕೂಸಿಗೆ ಟೋಪಿ ಬೇಡವೆಂದಿದೆ. ಮೈ ಅತಿಯಾಗಿ ಬಿಸಿಯೇರುವ ಭಯ. ಏಪ್ರಿಲಿನಲ್ಲಿ ಬಯಲಿನ ಊರುಗಳು 36 ಡಿಗ್ರಿ ದಾಟುವಾಗ ಈ ಮಾತು ನಮಗೆ ಇನ್ನಷ್ಟು ಸಲ್ಲುತ್ತದೆ. ಗದ್ದದ ಕೆಳಗೆ ಕಟ್ಟುವ ಉದ್ದದ ದಾರ, ಕಿತ್ತು ಬಾಯಿಗೆ ಹೋಗುವ ಮಣಿ, ಗೊಂಡೆ ಇವೆಲ್ಲ ಅಲಂಕಾರವಲ್ಲ, ದೋಷ.

ಅಳತೆಯ ವಿಷಯದಲ್ಲಿ ನಮ್ಮ ರೂಢಿ ಬದಲಾಗಲೇಬೇಕು. ಹೇಳದೆ ಹೆಣೆದು ಅಚ್ಚರಿಗೊಳಿಸುವ ಆಸೆಗೆ ಕೈಹೆಣಿಗೆಯ ಮೊದಲ ಗುಣವೇ ಬಲಿಯಾಗುತ್ತಿದೆ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಹೆಣಿಗೆಗಾರ್ತಿ ಎಲಿಜಬೆತ್ ಜಿಮ್ಮರ್‌ಮನ್ ಎದೆ ಸುತ್ತಿನ ಕುಣಿಕೆಗಳ ಸಂಖ್ಯೆಯನ್ನು ನೂರೆಂದು ಇಟ್ಟುಕೊಂಡು ಉಳಿದದ್ದೆಲ್ಲ ಶೇಕಡಾ ಲೆಕ್ಕದಲ್ಲಿ ಕಟ್ಟುವ ದಾರಿ ತೋರಿಸಿದರು. 200 ಕುಣಿಕೆಯ ಮೈಗೆ ಮಣಿಕಟ್ಟು 40, ಮೇಲ್ತೋಳು 66, ಕತ್ತು 80. ಯಾರದೋ ಮುದ್ರಿತ ನಮೂನೆಯ ದಾಸ್ಯದಿಂದ ಹೆಣೆಯುವವರನ್ನು ಬಿಡಿಸಿದ ದೊಡ್ಡ ಕೊಡುಗೆ ಅದು. ಆದರೂ ಹೊಟ್ಟೆ ಬಂದ ಅಪ್ಪನಿಗೆ, ಹಾಲೂಡಿಸುವ ಮಗಳಿಗೆ ಶೇಕಡಾ ಸಾಲದು. ಟೇಪು ಹಿಡಿದು ಅಳೆಯಬೇಕು, ಕೇಳಬೇಕು. ಕೇಳಿದ್ದರಿಂದ ಪ್ರೀತಿ ಕಡಿಮೆಯಾಗುವುದಿಲ್ಲ. 1962ರ ಯುದ್ಧಕಾಲದಲ್ಲಿ ದೇಶದ ಹೆಂಗಸರು ಮುಖ ನೋಡದ ಸೈನಿಕರಿಗೆ ಸ್ವೆಟರ್ ಹೆಣೆದು ಕಳಿಸಿದರು. ಮೈಯಳತೆ ಗೊತ್ತಿರಲಿಲ್ಲ, ಹಿಮಾಲಯದ ಚಳಿ ಮಾತ್ರ ಖಚಿತವಾಗಿ ಗೊತ್ತಿತ್ತು. ಮನೆಯವರ ಮೈಯನ್ನೂ ಅಗತ್ಯವನ್ನೂ ಬಲ್ಲ ನಾವು ಎರಡನ್ನೂ ಕೇಳದೆ ಹೆಣೆಯುವುದು ಸರಿಯಲ್ಲ.

ಈ ನೆಲದ ಕನ್ನಡಿಗರಿಗೆ ಬಟ್ಟೆಯನ್ನು ತೂಗಿ ನೋಡುವುದು ಹೊಸದಲ್ಲ. 1956ರವರೆಗೆ ನಮ್ಮ ಕೊಳ್ಳೇಗಾಲವೇ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಕೊಯಮತ್ತೂರಿನ ಸುತ್ತ ನೇಯ್ಗೆ ಹಿಡಿದ ದೇವಾಂಗರಲ್ಲಿ ಕನ್ನಡ ಮನೆಮಾತಿನ ಕುಟುಂಬಗಳು ತಲೆಮಾರುಗಳಿಂದ ಇವೆ. ಸೀರೆಯ ಅಂಚು ಓರೆಯಾದರೆ, ಹೊಕ್ಕು ಸಡಿಲವಾದರೆ ಮಗ್ಗದ ಮನೆಯಲ್ಲಿ ಯಾರೂ ಸುಮ್ಮನಿರುವುದಿಲ್ಲ. ನೇಯ್ಗೆಗೆ ಇರುವ ಆ ನಿಷ್ಠುರ ಕಣ್ಣು ಹೆಣಿಗೆಗೂ ಬರಬೇಕು.

ನೂಲೂ ಇಲ್ಲೇ ಇದೆ. ಕೊಯಮತ್ತೂರಿನ ಹತ್ತಿ ಸಂಶೋಧನಾ ಕೇಂದ್ರದಿಂದ 1974ರಲ್ಲಿ ಬಂದ ಸುವಿನ್ ಭಾರತದ ಅತಿ ನಯವಾದ ಹತ್ತಿ. ಅಷ್ಟು ದುಬಾರಿ ಬೇಡ. ಮಾಮೂಲಿ ಹೊಸೈರಿ ನೂಲಿನ ಉಳಿಕೆ ಕೋನುಗಳನ್ನು ತಂದು ಹಲವು ಎಳೆ ಕೂಡಿಸಿ ಹೆಣೆದರೂ ಸಾಕು. ಹತ್ತಿಗೆ ತನ್ನದೇ ಸ್ವಭಾವವಿದೆ. ಅದು ಉಣ್ಣೆಯಂತೆ ಹಿಗ್ಗಿ ಮರಳುವುದಿಲ್ಲ, ತೂಕಕ್ಕೆ ಜೋತು ಬೀಳುತ್ತದೆ, ಒಗೆದರೆ ಕುಗ್ಗುತ್ತದೆ. ಒಂದೇ ಎಳೆಯಲ್ಲಿ ಹೆಣೆದರೆ ಬಟ್ಟೆ ಓರೆ ತಿರುಗುತ್ತದೆ. ಹೊಸೆದ ಜೋಡಿ ನೂಲಾದರೆ ನೇರ ನಿಲ್ಲುತ್ತದೆ. ಆದ್ದರಿಂದ ಸಣ್ಣ ಕಡ್ಡಿ, ಬಿಗಿಯಾದ ಕುಣಿಕೆ, ಸರಳ ನಮೂನೆ, ಆಸರೆಗೆ ಪಕ್ಕದ ಹೊಲಿಗೆ ಬೇಕು. ಕೈಯಗಲದ ಮಾದರಿ ತುಂಡು ಹೆಣೆದು, ಒಗೆದು, ಒಣಗಿಸಿ, ಆಮೇಲೆ ಅಳೆಯಬೇಕು. ಚಳಿನಾಡಿನ ನಮೂನೆಯನ್ನು ಹತ್ತಿಯಲ್ಲಿ ನಕಲು ಮಾಡಿ ‘ಹತ್ತಿ ಹೆಣಿಗೆಗೆ ಬಾರದು’ ಎಂದು ದೂರುವವರು ಹತ್ತಿಯ ಸ್ವಭಾವ ಕಲಿತಿಲ್ಲ.

ಇನ್ನೊಂದು ಲೋಪವನ್ನೂ ಹೇಳಲೇಬೇಕು. ಈ ಉಡುಗೊರೆ ಯಾವಾಗಲೂ ಒಂದೇ ದಿಕ್ಕಿಗೆ ಹರಿಯುತ್ತದೆ: ಅಮ್ಮನಿಂದ ಮಗನಿಗೆ, ಅಜ್ಜಿಯಿಂದ ಮೊಮ್ಮಗುವಿಗೆ. ಹೆಣೆಯುವವಳಿಗೆ ಹೆಣೆದುಕೊಡುವವರಿಲ್ಲ. ಗಂಡುಮಕ್ಕಳಿಗೆ ಕಡ್ಡಿ ಹಿಡಿಯಲು ನಾಚಿಕೆ, ಅದೂ ಹೆಣಿಗೆ ಯಂತ್ರಗಳನ್ನು ಗಂಡಸರೇ ನಡೆಸುವ ತಿರುಪ್ಪೂರಿನ ಸೀಮೆಯಲ್ಲಿ. ಈ ಕಸುಬು ಉಳಿಯಬೇಕಾದರೆ ಮನೆಯ ಎಲ್ಲ ಕೈಗಳಿಗೂ ಬರಬೇಕು.

ನನ್ನ ತೀರ್ಪು ಇಷ್ಟು. ಬಯಲುಸೀಮೆಯಲ್ಲಿ ಅಳತೆ ಕೇಳದೆ ಹೆಣೆದ ಅಕ್ರಿಲಿಕ್ ಸ್ವೆಟರಿಗಿಂತ ತಿರುಪ್ಪೂರಿನ ಒಂದು ಒಳ್ಳೆಯ ಹತ್ತಿ ಬನಿಯನ್ ಮೇಲಾದ ಉಡುಗೊರೆ. ಅಳೆದು, ಹತ್ತಿಯಲ್ಲಿ, ಬಿಚ್ಚಿ ಮತ್ತೆ ಕಟ್ಟಲು ಬರುವಂತೆ ಹೆಣೆದ ಒಂದು ತೋಳಿಲ್ಲದ ಅಂಗಿಗೆ ತಿರುಪ್ಪೂರಿನ ಯಾವ ಯಂತ್ರವೂ ಸಾಟಿಯಲ್ಲ. ಹೆಣೆಯುವವರೇ, ಮುಂದಿನ ಉಡುಗೊರೆಗೆ ನೂಲು ಕೊಳ್ಳುವ ಮುನ್ನ ತೊಡುವವರ ಕೈಗೆ ಅಳತೆ ಟೇಪು ಕೊಡಿ. ಪಡೆಯುವವರೇ, ಕತ್ತು ಬಿಗಿಯಾದರೆ ಬಾಯಿಬಿಟ್ಟು ಹೇಳಿ. ಬಿಚ್ಚಿ ಸರಿಮಾಡಲು ಬರುವುದೇ ಈ ಕಸುಬಿನ ಬಲ.