‘ನಾನು’ ಎಂಬ ಪದ, ಐದು ಡಾಲರಿನ ಟಿಕೆಟ್

ಹಾಡೊಂದರ ಸಾಲಿನಲ್ಲಿ ‘ನಾನು’ ಎಂಬ ಪದ ಇರಬೇಕೋ ಬೇಡವೋ ಎಂದು ಪಂಕ್ ಬ್ಯಾಂಡೊಂದರಲ್ಲಿ ವಾದ ನಡೆದಿತ್ತು. ಬ್ಯಾಂಡು ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ‘ಮೈನರ್ ಥ್ರೆಟ್’. ಹಾಡು 1981ರ ‘ಔಟ್ ಆಫ್ ಸ್ಟೆಪ್’. ಕುಡಿತ, ಸಿಗರೇಟುಗಳಿಂದ ದೂರ ಉಳಿದ ಹುಡುಗನೊಬ್ಬನ ಹಾಡು ಅದು. ಬರೆದು ಹಾಡಿದವನು ಇಯಾನ್ ಮೆಕೈ. ‘ನಾನು’ ಬೇಕೇ ಬೇಕು ಎಂದವನು ಡ್ರಮ್ ಬಾರಿಸುತ್ತಿದ್ದ ಜೆಫ್ ನೆಲ್ಸನ್. ಕನ್ನಡದಲ್ಲಾದರೆ ಈ ತೊಡಕೇ ಇಲ್ಲ. ‘ಮಾಡುವುದಿಲ್ಲ’ ಬೇರೆ, ‘ಮಾಡಬೇಡ’ ಬೇರೆ. ಇಂಗ್ಲಿಷಿನಲ್ಲಿ ‘ನಾನು’ ಬಿಟ್ಟರೆ ಎರಡೂ ಒಂದೇ ಆಗಿ ಕೇಳಿಸುತ್ತವೆ. ತನ್ನ ಬಗ್ಗೆ ಆಡಿದ ಮಾತು ಕೇಳುಗನ ಕಿವಿಯಲ್ಲಿ ಅಪ್ಪಣೆಯಾಗಿಬಿಡುತ್ತದೆ. 1983ರಲ್ಲಿ ಹಾಡನ್ನು ಮತ್ತೆ ಮುದ್ರಿಸಿದಾಗ, ಇದು ನಿಯಮಗಳ ಪಟ್ಟಿಯಲ್ಲ ಎಂದು ಮೆಕೈ ನಡುವೆ ಮಾತಿನಲ್ಲೇ ಬಿಡಿಸಿ ಹೇಳಬೇಕಾಯಿತು.

ಅಷ್ಟರಲ್ಲಿ ತಡವಾಗಿತ್ತು. ಒಂದು ನಿಮಿಷವೂ ಇಲ್ಲದ ಅವನ ಇನ್ನೊಂದು ಹಾಡು ‘ಸ್ಟ್ರೇಟ್ ಎಡ್ಜ್’ ಒಂದು ಪಂಥಕ್ಕೇ ಹೆಸರಾಯಿತು. 1990ರ ದಶಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಆ ಪಂಥದ ಕೆಲವರು ಹೊಡೆದಾಟಕ್ಕೂ ಇಳಿದರು. ‘ಗಿಲ್ಟಿ ಆಫ್ ಬೀಯಿಂಗ್ ವೈಟ್’ನ ಗತಿ ಇನ್ನೂ ಕೆಟ್ಟದಾಯಿತು. ಕರಿಯರೇ ಹೆಚ್ಚಿದ್ದ ಶಾಲೆಯಲ್ಲಿ ಓದಿದ ಬಿಳಿಯ ಹುಡುಗನ ಸಿಟ್ಟಿನಿಂದ ಹುಟ್ಟಿದ ಹಾಡು ಅದು. ವರ್ಣದ್ವೇಷದ ವಿರುದ್ಧ ಬರೆದದ್ದು ಎಂದು ಮೆಕೈ ಹೇಳುತ್ತಲೇ ಬಂದ. ಆದರೆ ಅದನ್ನು ದ್ವೇಷದ ಹಾಡಾಗಿ ಕೇಳಿದವರಿಗೂ ಕೊರತೆಯಿರಲಿಲ್ಲ. ತಪ್ಪೆಲ್ಲ ಕೇಳಿದವರದು ಎನ್ನಲಾಗದು. ಒಬ್ಬ ಹುಡುಗನ ಅಳಲನ್ನು ಇತಿಹಾಸದಿಂದ ಬೇರ್ಪಡಿಸಿ ಕೂಗಿದರೆ ಅದು ಯಾರ ಕೈಗಾದರೂ ಸಿಗುತ್ತದೆ.

ಮೆಕೈನ ಕತೆಯನ್ನು ಸಾಮಾನ್ಯವಾಗಿ ಸಂತನ ಕತೆಯಂತೆ ಹೇಳುತ್ತಾರೆ: ದೊಡ್ಡ ಕಂಪನಿಗಳಿಗೆ ಬೆನ್ನು ತಿರುಗಿಸಿದವನು, ಹಣಕ್ಕೆ ಮಣಿಯದವನು. ನನಗೆ ಕಾಣುವುದು ಬೇರೆ. ಹಾಡಿನ ಮಾತು ಅಪ್ಪಣೆಯಾಗಿಬಿಡುವ ಅಪಾಯವನ್ನು ಇಪ್ಪತ್ತರ ಹರೆಯದಲ್ಲೇ ಕಂಡವನು, ಹೇಳಬೇಕಾದದ್ದನ್ನು ಮಾತಿಗಿಂತ ಹೆಚ್ಚಾಗಿ ಲೆಕ್ಕದಲ್ಲಿ ಹೇಳುತ್ತಾ ಹೋದ.

ಆ ಲೆಕ್ಕ ಶುರುವಾದದ್ದು 1980ರಲ್ಲಿ. ಹೈಸ್ಕೂಲು ಹುಡುಗರ ಬ್ಯಾಂಡ್ ‘ಟೀನ್ ಐಡಲ್ಸ್’ ಮುರಿದಾಗ ಡಬ್ಬಿಯಲ್ಲಿ ಸುಮಾರು 600 ಡಾಲರ್ ಉಳಿದಿತ್ತು. ಹಂಚಿಕೊಳ್ಳುವ ಬದಲು ಅವರು ಎಂಟು ಹಾಡುಗಳ ಒಂದು ಪುಟ್ಟ ರೆಕಾರ್ಡ್ ಮಾಡಿದರು. ಹೊದಿಕೆ ಹೇಗೆ ಮಾಡುವುದೆಂದು ತಿಳಿಯದೆ, ಇಂಗ್ಲೆಂಡಿನ ರೆಕಾರ್ಡೊಂದರ ಹೊದಿಕೆಯನ್ನು ಬಿಚ್ಚಿ ಅದರ ಅಳತೆಯಲ್ಲಿ ಕಾಗದ ಕತ್ತರಿಸಿ ಮಡಿಸಿ ಅಂಟಿಸಿದರು. ‘ಡಿಸ್ಕಾರ್ಡ್ ರೆಕಾರ್ಡ್ಸ್’ ಹುಟ್ಟಿದ್ದು ಹಾಗೆ. ಪ್ರಕಟಿಸುವುದು ವಾಷಿಂಗ್ಟನ್ ಪರಿಸರದ ಬ್ಯಾಂಡುಗಳನ್ನು ಮಾತ್ರ. ಲಿಖಿತ ಕರಾರು ಇಲ್ಲ. ಖರ್ಚು ಕಳೆದು ಉಳಿದದ್ದನ್ನು ಬ್ಯಾಂಡಿನೊಂದಿಗೆ ಹಂಚಿಕೊಳ್ಳುವುದು. ಅಂಗಡಿಯವರು ಹೆಚ್ಚು ಕೇಳದಿರಲೆಂದು ಅಂಚೆಯಲ್ಲಿ ತರಿಸಿದರೆ ಬೀಳುವ ಬೆಲೆಯನ್ನು ಹೊದಿಕೆಯ ಮೇಲೇ ಅಚ್ಚು ಹಾಕಿದರು.

1987ರಲ್ಲಿ ಮೊದಲ ಕಚೇರಿ ಕೊಟ್ಟ ‘ಫುಗಾಜಿ’ ಈ ಲೆಕ್ಕವನ್ನು ವೇದಿಕೆಗೆ ತಂದಿತು. ಟಿಕೆಟ್ಟು ಹೆಚ್ಚಾಗಿ ಐದು ಡಾಲರ್, ಪ್ರವೇಶ ಎಲ್ಲ ವಯಸ್ಸಿನವರಿಗೆ, ಟೀ ಶರ್ಟ್ ಮಾರಾಟವಿಲ್ಲ. ಯಾರಾದರೂ ಗುಂಪಿನಲ್ಲಿ ಮೈಮೇಲೆ ಬಿದ್ದು ಗುದ್ದಾಡಿದರೆ ಹಾಡು ನಿಲ್ಲಿಸಿ, ಟಿಕೆಟ್ ಹಣ ವಾಪಸು ಕೊಟ್ಟು ಹೊರಗೆ ಕಳಿಸುತ್ತಿದ್ದರು. ಇದನ್ನು ಬರೀ ನೀತಿ ಎಂದು ಕರೆದರೆ ಸಂಗೀತ ಕೈತಪ್ಪುತ್ತದೆ. ‘ವೇಟಿಂಗ್ ರೂಮ್’ ಕೇಳಿ: ಜೋ ಲ್ಯಾಲಿಯ ಬೇಸ್ ಒಂಟಿಯಾಗಿ ಶುರುವಾಗುತ್ತದೆ, ಡ್ರಮ್ ಗಿಟಾರ್ ಕೂಡಿಕೊಳ್ಳುತ್ತವೆ, ಏರಬೇಕಾದ ಹೊತ್ತಿಗೆ ಎಲ್ಲವೂ ಥಟ್ಟನೆ ನಿಂತುಬಿಡುತ್ತದೆ. ಕೆಲವು ಕ್ಷಣ ಏನೂ ಇಲ್ಲ. ಅಬ್ಬರವನ್ನೇ ನೆಚ್ಚಿದ್ದ ಪ್ರಕಾರದಲ್ಲಿ ಹೀಗೆ ಸುಮ್ಮನಿರಲು ಕೇಳುಗರ ಮೇಲೆ ಭರವಸೆ ಬೇಕು. ಹಾಡಿನೊಳಗಿನ ಆ ತಡೆಯೂ ಗದ್ದಲದ ನಡುವೆ ಹಾಡು ನಿಲ್ಲಿಸುವ ತಡೆಯೂ ಒಂದೇ ಮನಸ್ಸಿನವು.

ನಿರ್ಮಾಪಕನಾಗಿ ಅವನ ಗುಣವೂ ಇದೇ. ಡಾನ್ ಜಿಯೆಂಟಾರಾನ ಇನ್ನರ್ ಇಯರ್ ಸ್ಟುಡಿಯೋದಲ್ಲಿ ಅವನು ರೂಪಿಸಿದ, 1985ರಲ್ಲಿ ಹೊರಬಂದ ‘ರೈಟ್ಸ್ ಆಫ್ ಸ್ಪ್ರಿಂಗ್’ನಲ್ಲಿ ಗೀ ಪಿಚೊಟೊನ ಗಂಟಲು ಒಡೆಯುವುದು ಹಾಗೇ ಉಳಿದಿದೆ. ತನ್ನ ಮುದ್ರೆ ಒತ್ತುವ ಚಪಲ ಅಲ್ಲಿಲ್ಲ. ಮುಂದೆ ಅದೇ ಪಿಚೊಟೊ ಫುಗಾಜಿಯ ಇನ್ನೊಂದು ದನಿಯಾದ.

ಒಂದು ತಕರಾರು ಉಳಿಯುತ್ತದೆ. ಮೆಕೈನ ತಂದೆ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯಲ್ಲಿದ್ದವರು. ಬಿದ್ದರೆ ಹಿಡಿಯುವ ಮನೆಯಿದ್ದವನಿಗೆ ಬೇಡ ಎನ್ನುವುದು ಸುಲಭ. ಬಾಡಿಗೆ ಕಟ್ಟಲು ದೊಡ್ಡ ಕಂಪನಿಯ ಕರಾರಿಗೆ ಸಹಿ ಹಾಕಿದ ಸಂಗೀತಗಾರರನ್ನು ಅಳೆಯಲು ಅವನ ಐದು ಡಾಲರನ್ನು ಕೋಲಾಗಿಸಿದವರು ಬಹಳ ಮಂದಿ. ‘ನಾನು ಮಾಡುವುದಿಲ್ಲ’ ಎಂಬುದು ‘ನೀನು ಮಾಡಬೇಡ’ ಆಗುವ ಹಳೆಯ ರೋಗ ಬೆಲೆಯನ್ನೂ ಬಿಡಲಿಲ್ಲ. ಲೆಕ್ಕವೂ ಒಂದು ಭಾಷೆಯೇ ತಾನೇ.

ಹಾಗಿದ್ದೂ ಈ ಲೆಕ್ಕ ನಾಲ್ಕು ದಶಕ ನಡೆದುಬಂದಿದೆ. ಫುಗಾಜಿ 2003ರಿಂದ ಮೌನವಾಗಿದೆ, ಡಿಸ್ಕಾರ್ಡ್ ಇನ್ನೂ ಇದೆ. 2011ರಿಂದ ಫುಗಾಜಿಯ ಎಂಟು ನೂರಕ್ಕೂ ಹೆಚ್ಚು ಕಚೇರಿಗಳ ಧ್ವನಿಮುದ್ರಣಗಳನ್ನು ಒಂದೊಂದಾಗಿ ಕೇಳುಗರ ಮುಂದಿಡುತ್ತಾ ಬಂದರು. ಸೂಚಿಸಿದ ಬೆಲೆ ಮತ್ತೆ ಐದು ಡಾಲರ್. ಒಂದು ಡಾಲರಿನಿಂದ ನೂರರವರೆಗೆ ಕೇಳುಗರೇ ನಿರ್ಧರಿಸಬಹುದಿತ್ತು. ಸೋತ ರಾತ್ರಿಗಳು, ಶ್ರುತಿ ತಪ್ಪಿದ ಗಿಟಾರು, ಪ್ರೇಕ್ಷಕರೊಂದಿಗಿನ ಜಗಳ ಎಲ್ಲವೂ ಅಲ್ಲಿವೆ. ಹೊಸದಾಗಿ ಕೇಳುವವರು ಆಲ್ಬಮ್ಮುಗಳನ್ನು ಆಮೇಲೆ ಹುಡುಕಿಕೊಳ್ಳಲಿ. ಮೊದಲು ಇವುಗಳಲ್ಲೊಂದನ್ನು, ಹಾಡುಗಳ ನಡುವಿನ ಮಾತನ್ನು ಬಿಡದೆ, ಪೂರ್ತಿ ಕೇಳಬೇಕು.