ಗಾಳಿ ಯಾರ ಕಡೆಗೆ?

೨೦೨೪ರ ಏಪ್ರಿಲ್ ೨೬, ಶುಕ್ರವಾರ. ಅಂದು ನಾನು ಬೆಂಗಳೂರಿನ ಒಂದು ಶಾಲೆಯ ಕೊಠಡಿಯಲ್ಲಿ ಮತಗಟ್ಟೆಯ ಅಧ್ಯಕ್ಷಾಧಿಕಾರಿಯಾಗಿ ಕುಳಿತಿದ್ದೆ. ವರ್ಷವೆಲ್ಲ ಪಂಪನನ್ನೂ ಕುಮಾರವ್ಯಾಸನನ್ನೂ ಪಾಠ ಹೇಳಿಕೊಂಡಿರುವ ಕನ್ನಡ ಅಧ್ಯಾಪಕನಿಗೆ ಚುನಾವಣೆ ಬಂದಾಗ ಮಾತ್ರ ಇಂಥ ಅಧಿಕಾರ ಒದಗುತ್ತದೆ. ಅದೂ ಬೆಳಗಿನ ಏಳರಿಂದ ಸಂಜೆಯ ಆರರವರೆಗೆ. ಮತಗಟ್ಟೆಯ ಸುತ್ತ ನೂರು ಮೀಟರಿನೊಳಗೆ ಪ್ರಚಾರದ ಮಾತು ಕೂಡದೆಂಬುದು ನಿಯಮ. ಪಕ್ಷದ ಹೆಸರೆತ್ತುವಂತಿಲ್ಲ, ಅಭ್ಯರ್ಥಿಯ ಗುಣದೋಷ ಆಡುವಂತಿಲ್ಲ. ಹೀಗಾಗಿ ಒಳಗೆ ಬಂದವರಿಗೆ ಆಡಲು ಉಳಿದಿದ್ದುದು ಒಂದೇ ಮಾತು: “ಏನು ಬಿಸಿಲು ಸಾರ್!”

ಆ ವಾಕ್ಯವನ್ನು ಅಂದು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಎಡಗೈಯ ತೋರುಬೆರಳಿಗೆ ಶಾಯಿ ಹಚ್ಚಿಸಿಕೊಳ್ಳುತ್ತ ವೃದ್ಧೆಯೊಬ್ಬರು, “ನಲವತ್ತು ವರ್ಷದಿಂದ ಇದೇ ಬೀದೀಲಿದೀನಪ್ಪ, ಇಂಥಾ ಬೇಸಿಗೆ ಕಂಡಿರಲಿಲ್ಲ” ಎಂದರು. ಯುವಕನೊಬ್ಬ, “ಬೇಗ ಬಿಡಿ ಸಾರ್, ನೀರಿನ ಟ್ಯಾಂಕರ್ ಬರೋ ಹೊತ್ತಾಯ್ತು” ಎಂದು ಅವಸರಪಡಿಸಿದ. ಟ್ಯಾಂಕರಿನ ಮಾತು ಪ್ರಚಾರವಾದೀತೆ ಎಂದು ಒಂದು ಗಳಿಗೆ ಯೋಚಿಸಿದೆ. ಬಿಸಿಲು ನೀರುಗಳ ಮಾತು ರಾಜಕಾರಣವಲ್ಲವೆಂದು ತೀರ್ಮಾನಿಸಿ ಸುಮ್ಮನಾದೆ. ನನ್ನ ಅಧಿಕಾರಾವಧಿಯ ಆ ಒಂದು ತೀರ್ಪು ಸರಿಯಾಗಿತ್ತೆ ಎಂಬುದನ್ನು ಇಲ್ಲಿ ಓದುಗರೊಡನೆ ವಿಚಾರಿಸಬೇಕೆಂದಿದ್ದೇನೆ.

ವಿಮರ್ಶೆಯೆಂದರೆ ಅಚ್ಚಾಗಿ ರಟ್ಟು ಕಟ್ಟಿಸಿಕೊಂಡ ಪುಸ್ತಕದ ವಿಮರ್ಶೆಯೆಂದೇ ನಾವು ತಿಳಿದಿದ್ದೇವೆ. ಆದರೆ ನಾಡಿನಲ್ಲಿ ದಿನವೂ ಹುಟ್ಟುವ ಗದ್ಯದಲ್ಲಿ ಬಹುಪಾಲು ಅಚ್ಚಾಗುವುದೇ ಇಲ್ಲ. ಕ್ಷೌರದಂಗಡಿಯಲ್ಲಿ, ದರ್ಶಿನಿಯ ಕಾಫಿಯ ಮುಂದೆ, ನಮ್ಮ ಅಧ್ಯಾಪಕರ ಕೊಠಡಿಯಲ್ಲಿ, ಬಸ್ಸಿನಲ್ಲಿ ಆಡಿದಲ್ಲೇ ಆರಿಹೋಗುವ ಮಾತು ಅದು. ಯಾವ ಕಾದಂಬರಿಗೂ ಇರದಷ್ಟು ಶ್ರೋತೃಗಳು ಅದಕ್ಕಿದ್ದಾರೆ. ಅದಕ್ಕೂ ಒಂದು ಶೈಲಿಯುಂಟು, ಅಲಂಕಾರವುಂಟು; ಆದ್ದರಿಂದ ದೋಷವೂ ಇದ್ದೀತು. ನಾನು ವಿಮರ್ಶಿಸಹೊರಟಿರುವುದು ಆ ಗದ್ಯವನ್ನೇ.

ಮೊದಲು ಚುನಾವಣೆಯ ಮಾತನ್ನು ನೋಡೋಣ. ಇಬ್ಬರು ಕೂಡಿದೊಡನೆ ಕೇಳುವ ಪ್ರಶ್ನೆ, “ಈ ಸಲ ಗಾಳಿ ಯಾರ ಕಡೆಗೆ?” ಎಂದು. ೧೯೮೪ರಲ್ಲಿ ಎದ್ದದ್ದು ಅನುಕಂಪದ ಅಲೆ. ಆಮೇಲಿನ ಚುನಾವಣೆಗಳಲ್ಲಿ ಒಮ್ಮೆ ಎದುರಲೆ, ಒಮ್ಮೆ ಒಳಗಾಳಿ. ಕಣದಲ್ಲಿ ಕಾವೇರುತ್ತದೆ, ನಾಯಕರು ಬಿರುಗಾಳಿಯ ಪ್ರವಾಸ ಕೈಗೊಳ್ಳುತ್ತಾರೆ, ಭರವಸೆಗಳ ಸುರಿಮಳೆಯಾಗುತ್ತದೆ, ಸೋತವರು ಕೊಚ್ಚಿಹೋಗುತ್ತಾರೆ. ಇವೆಲ್ಲ ಹವಾಮಾನದ ಶಬ್ದಗಳು. ಒಬ್ಬೊಬ್ಬ ಮನುಷ್ಯನೂ ತನ್ನ ಕಾಲಿನಿಂದ ನಡೆದುಬಂದು, ತನ್ನ ಬೆರಳಿನಿಂದ ಗುಂಡಿಯೊತ್ತಿ ಮಾಡುವ ಕೆಲಸವನ್ನು, ಯಾರ ಅಂಕೆಗೂ ಸಿಗದೆ ಮೇಲಿನಿಂದ ಬಂದೆರಗುವ ಉತ್ಪಾತದಂತೆ ನಾವು ವರ್ಣಿಸುತ್ತೇವೆ. ಗಾಳಿ ಬೀಸಿದ ಕಡೆಗೆ ತಾನೆ ತರಗೆಲೆ ಹಾರುವುದು? ಮತದಾರನನ್ನು ತರಗೆಲೆ ಮಾಡುವ ಈ ರೂಪಕವನ್ನು ಮತದಾರನೇ ಸಂತೋಷದಿಂದ ಬಳಸುತ್ತಾನೆ. ಗಾಳಿ ತಂದ ಫಲಕ್ಕೆ ತರಗೆಲೆ ಜವಾಬ್ದಾರನಲ್ಲವಷ್ಟೆ!

ಇನ್ನು ಹವಾಮಾನದ ಮಾತು. ಇಲ್ಲಿ ವ್ಯವಹಾರ ತಲೆಕೆಳಗಾಗಿದೆ. ಮಳೆಗೆ ನಾವು ‘ರಾಯ’ನೆಂದು ಬಿರುದು ಕೊಟ್ಟಿದ್ದೇವೆ, ಮಳೆರಾಯ ಮುನಿಯುತ್ತಾನೆ, ಒಲಿಯುತ್ತಾನೆ, ಕೃಪೆ ತೋರುತ್ತಾನೆ. ಮಿತ್ರಪಕ್ಷ ಕೈಕೊಟ್ಟಂತೆ ಮಳೆಯೂ ಕೈಕೊಡುತ್ತದೆ. ಎಲ್ಲಕ್ಕಿಂತ ವಿಚಿತ್ರವಾದುದು ‘ಕಾಲ್ಗುಣ’ವೆಂಬ ಶಬ್ದ. ಇಂಥವರು ಮುಖ್ಯಮಂತ್ರಿಗಳಾದರೆ ಕೆರೆಕಟ್ಟೆ ತುಂಬುತ್ತವೆ, ಅಂಥವರು ಬಂದರೆ ಬರ ಬರುತ್ತದೆ, ಎಲ್ಲ ಅವರವರ ಕಾಲ್ಗುಣ ಎನ್ನುವ ಮಾತು ಕರ್ನಾಟಕದ ರಾಜಕೀಯದಲ್ಲಿ ಹಳೆಯದು. ಒಂದು ಪಕ್ಷದವರು ಇನ್ನೊಂದು ಪಕ್ಷದವರನ್ನು ಈ ಮಾತಿನಿಂದ ಚುಚ್ಚುತ್ತಲೇ ಬಂದಿದ್ದಾರೆ. ಜನ ನಗುತ್ತ ನಗುತ್ತ ಅರ್ಧ ನಂಬುತ್ತಾರೆ. ಅರಸ ಧರ್ಮಿಷ್ಠನಾದರೆ ಕಾಲಕಾಲಕ್ಕೆ ಮಳೆ ಸುರಿಯುವುದೆಂಬ ಪ್ರಾಚೀನ ನಂಬಿಕೆಯ ಕೊನೆಯ ಕೊಂಡಿಯಿದು. ಆದರೆ ಈ ಶಬ್ದದ ತವರು ಅರಮನೆಯಲ್ಲ. ಹೊಸದಾಗಿ ಹೊಸಿಲು ದಾಟಿ ಬಂದ ಸೊಸೆಯ ಮೇಲೆ ಅತ್ತೆಮನೆಯವರು ಪ್ರಯೋಗಿಸುತ್ತಿದ್ದ ಶಬ್ದ ಅದು. ಮಾವನಿಗೆ ಜಡ್ಡಾದರೆ, ಹಸು ಬತ್ತಿದರೆ, ಅದು ಸೊಸೆಯ ಕಾಲ್ಗುಣ. ಮನೆಯ ಅನಾರೋಗ್ಯಕ್ಕೆ ಮನೆಯವರ ನಡವಳಿಕೆ ಕಾರಣವಿದ್ದೀತೆ ಎಂದು ಹುಡುಕುವ ಶ್ರಮವನ್ನು ತಪ್ಪಿಸುವುದೇ ಆ ಶಬ್ದದ ಉಪಯೋಗ. ಇಂದಿಗೂ ಅದು ಮಾಡುತ್ತಿರುವುದು ಅದೇ ಕೆಲಸವನ್ನು.

ನನ್ನ ಆಕ್ಷೇಪಣೆಯನ್ನು ಒಂದು ಮಾತಿನಲ್ಲಿ ಹೇಳುವುದಾದರೆ ಇಷ್ಟೆ. ನಾವು ಮಾಡುವ ಚುನಾವಣೆಯನ್ನು ಹವಾಮಾನವೆಂದು ಕರೆದಿದ್ದೇವೆ; ಬುದ್ಧಿಯಿಂದ ಕಾರಣ ಹುಡುಕಬೇಕಾದ ಹವಾಮಾನವನ್ನು ಆಳುವವನೊಬ್ಬನ ಅದೃಷ್ಟವೆಂದು ಕರೆದಿದ್ದೇವೆ. ಎರಡು ಬಗೆಯ ವಾಕ್ಯಗಳಲ್ಲಿಯೂ ಕಾಣದೆಹೋದ ಕರ್ತೃಪದ ‘ನಾವು’.

ಮಾತಿನ ಸೊಗಸಿಗಾಗಿ ಆಡಿದ್ದನ್ನು ಇಷ್ಟು ಹಿಂಜಬೇಕೆ ಎಂದು ಯಾರಾದರೂ ಕೇಳಬಹುದು. ಆ ಎರಡು ವರ್ಷಗಳ ಸಂಗತಿಗಳನ್ನು ನೆನೆಯೋಣ. ೨೦೨೩ರ ಆಗಸ್ಟ್ ತಿಂಗಳು, ೧೯೦೧ರಿಂದೀಚೆಗೆ ಭಾರತ ಕಂಡ ಅತ್ಯಂತ ಕಡಿಮೆ ಮಳೆಯ ಆಗಸ್ಟ್ ಎನಿಸಿತು. ಪೆಸಿಫಿಕ್ ಸಾಗರದ ನೀರು ಕಾದು ‘ಎಲ್ ನಿನೊ’ ಎಂಬ ಸ್ಥಿತಿ ಬಂದಿದ್ದುದು ಒಂದು ಕಾರಣ. ಕರ್ನಾಟಕದ ೨೩೬ ತಾಲ್ಲೂಕುಗಳಲ್ಲಿ ೨೨೩ ಬರಪೀಡಿತವೆಂದು ಘೋಷಿತವಾದವು. ಮರುವರ್ಷದ ಮಾರ್ಚಿಯಲ್ಲಿ, ರಾಜಧಾನಿಯ ಹದಿನಾಲ್ಕು ಸಾವಿರ ಕೊಳವೆಬಾವಿಗಳಲ್ಲಿ ಸುಮಾರು ೬,೯೦೦ ಬತ್ತಿವೆಯೆಂದು ಸರ್ಕಾರವೇ ಹೇಳಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ ಐದು ಸಾವಿರ ರೂಪಾಯಿ ದಂಡವೆಂದು ಜಲಮಂಡಲಿ ಸಾರಿತು. ಮತದಾನವಾಗಿ ಎರಡೇ ದಿನಕ್ಕೆ, ಏಪ್ರಿಲ್ ೨೮ರಂದು, ಬೆಂಗಳೂರಿನ ಉಷ್ಣತೆ ೩೮.೫ ಡಿಗ್ರಿ ಮುಟ್ಟಿತು. ಜಗತ್ತಿನ ಲೆಕ್ಕದಲ್ಲಿ ೨೦೨೩ ಅದುವರೆಗಿನ ಅತ್ಯಂತ ಬಿಸಿಯ ವರ್ಷ. ೨೦೨೪ ಅದನ್ನೂ ಮೀರಿಸಿತು.

ಇಂಥ ಬೇಸಿಗೆಯ ನಡುವೆ ನಡೆದ ಚುನಾವಣೆಯಲ್ಲಿ ನೀರಿನ ಮಾತು ಬರಲೇ ಇಲ್ಲವೆಂದಲ್ಲ. ಬಂತು, ಆದರೆ ರೂಪಾಯಿಯ ವೇಷದಲ್ಲಿ ಬಂತು. ಬರಪರಿಹಾರಕ್ಕೆಂದು ರಾಜ್ಯ ಕೇಳಿದ್ದು ೧೮,೧೭೧ ಕೋಟಿ. ಜಗಳ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಮೇಲೆ, ಏಪ್ರಿಲ್ ಕೊನೆಯಲ್ಲಿ ಕೇಂದ್ರ ಬಿಡುಗಡೆ ಮಾಡಿದ್ದು ಸುಮಾರು ೩,೪೫೦ ಕೋಟಿ. ಯಾರು ಯಾರಿಗೆ ಅನ್ಯಾಯ ಮಾಡಿದರೆಂಬ ಚರ್ಚೆ ಊರೂರಲ್ಲಿ ನಡೆಯಿತು. ಅದು ನ್ಯಾಯವಾದ ಚರ್ಚೆಯೇ. ಆದರೆ ಬಂದ ಬರಕ್ಕೆ ಹಣವೆಷ್ಟು ಎಂಬುದನ್ನು ಕೇಳಿದಷ್ಟು ಗಟ್ಟಿಯಾಗಿ, ಬರುವ ಬರಕ್ಕೆ ಸಿದ್ಧತೆಯೇನು ಎಂಬುದನ್ನು ನಾವು ಕೇಳಲಿಲ್ಲ. ಬೆಂಗಳೂರಿನವರಂತೂ ಎರಡನ್ನೂ ಕೇಳದೆ ಉಳಿದರು: ನಗರದ ಉತ್ತರ, ಕೇಂದ್ರ, ದಕ್ಷಿಣ ಮೂರು ಕ್ಷೇತ್ರಗಳಲ್ಲಿಯೂ ಮತದಾನ ಶೇಕಡ ಐವತ್ತೈದನ್ನು ಮುಟ್ಟಲಿಲ್ಲ. ನನ್ನ ಮತಗಟ್ಟೆಯ ಪಟ್ಟಿಯಲ್ಲಿ ಗುರುತು ಬೀಳದೆ ಉಳಿದ ಹೆಸರುಗಳನ್ನು ಸಂಜೆ ಎಣಿಸುತ್ತಿದ್ದಾಗ, ಬಿಸಿಲನ್ನು ಬಯ್ಯುವುದಕ್ಕಾದರೂ ಇವರು ಬರಬಾರದಿತ್ತೆ ಎನಿಸಿತು.

ಬೆಂಗಳೂರಿನ ಧರ್ಮಾಂಬುಧಿ ಕೆರೆಯಿದ್ದ ಕಡೆ ಇಂದು ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯಿದ್ದ ಕಡೆ ಕ್ರೀಡಾಂಗಣವಿದೆ. ಈ ಕೆರೆಗಳನ್ನು ಯಾವ ಗಾಳಿಯೂ ಹೊತ್ತೊಯ್ಯಲಿಲ್ಲ, ಯಾರ ಕಾಲ್ಗುಣವೂ ಬತ್ತಿಸಲಿಲ್ಲ. ಕಡತ ಬರೆದು, ಸಹಿ ಹಾಕಿ, ಮಣ್ಣು ತುಂಬಿಸಿದ್ದು ಮನುಷ್ಯರು. ಬಸ್ಸು ಹತ್ತಿದವರು ನಾವು.

ಪರಿಸರದ ಪ್ರಶ್ನೆಯನ್ನು ನೇರವಾಗಿ ಮತಪೆಟ್ಟಿಗೆಯ ಮುಂದಿಟ್ಟ ಕನ್ನಡ ಸಾಹಿತಿಯೊಬ್ಬರ ಉದಾಹರಣೆ ನಮ್ಮಲ್ಲಿದೆ. ೧೯೮೯ರ ಲೋಕಸಭಾ ಚುನಾವಣೆಯಲ್ಲಿ ಶಿವರಾಮ ಕಾರಂತರು ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಉತ್ತರ ಕನ್ನಡದಿಂದ ಸ್ಪರ್ಧಿಸಿದರು. ಆಗ ಅವರಿಗೆ ಎಂಬತ್ತೇಳು ವರ್ಷ. ಅವರು ಸೋತರು; ಸ್ಥಾವರ ಎದ್ದಿತು; ಮುಂದೆ ವಿದ್ಯುತ್ತನ್ನೂ ಕೊಡತೊಡಗಿತು. ಇದನ್ನು ತರಗತಿಯಲ್ಲಿ ಹೇಳಿದಾಗ ವಿದ್ಯಾರ್ಥಿಯೊಬ್ಬ, “ಹಾಗಾದ್ರೆ ಏನು ಪ್ರಯೋಜನ ಆಯ್ತು ಸಾರ್?” ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಅಣುವಿದ್ಯುತ್ತಿನ ವಿಷಯದಲ್ಲಿ ಕಾರಂತರನ್ನು ಒಪ್ಪದಿರಬಹುದು. ಕಲ್ಲಿದ್ದಲ ಹೊಗೆಯ ಲೆಕ್ಕ ಹಿಡಿದರೆ ಇಂದು ಆ ವಾದಕ್ಕೆ ಬೇರೆ ಮುಖಗಳೂ ಇವೆ. ಆದರೆ ಅವರ ಮಾತಿನ ರಚನೆಯನ್ನು ಗಮನಿಸಬೇಕು. ಗಾಳಿ ಯಾರ ಕಡೆಗೆಂದು ಅವರು ಕೇಳಲಿಲ್ಲ. ಇದು ಆಗಬಾರದು, ಇಂಥ ಕಾರಣಕ್ಕೆ ಆಗಬಾರದು, ನಾನು ನಿಂತಿದ್ದೇನೆ, ನೀವು ತೀರ್ಮಾನಿಸಿ ಎಂದರು. ಜನರು ತೀರ್ಮಾನಿಸಿದರು. ಸೋಲುವುದಕ್ಕೆ ಸಾಧ್ಯವಾದ ಅಭಿಪ್ರಾಯವೇ ಅಭಿಪ್ರಾಯ. ಕಾಲ್ಗುಣದ ಮಾತು ಎಂದೂ ಸೋಲುವುದಿಲ್ಲ.

ನಮ್ಮ ಹಳ್ಳಿಯ ಹಿರಿಯರ ಮಳೆಯ ಮಾತಿಗೂ ಈ ಗುಣವಿದ್ದಿತು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆಯಲ್ಲಿ ಕಾಲ ಇಂಥದೆಂದು ಇದೆ, ಫಲ ಇಂಥದೆಂದು ಇದೆ. ಹೊಲಕ್ಕೆ ಹೋಗಿ ನಿಜವೋ ಸುಳ್ಳೋ ನೋಡಬಹುದು. ಅಶ್ವಿನಿಯಿಂದ ಸ್ವಾತಿಯವರೆಗೆ ಹದಿಮೂರು ಹದಿನಾಲ್ಕು ದಿನಗಳಿಗೊಂದರಂತೆ ಮಳೆಗೆ ಹೆಸರಿಟ್ಟವರು ಆಕಾಶವನ್ನು ದಿಟ್ಟಿಸಿ ನೋಡಿದ್ದವರು. ಇಂದು ಮಳೆ ಆ ಲೆಕ್ಕಕ್ಕೆ ನಿಲ್ಲದಾಗಿದೆ. ಅರ್ಥ ವಿವರಿಸಿ ನಾನು ಪಾಠ ಹೇಳುವ ಗಾದೆಗಳು ಹಳಗನ್ನಡದ ಶಬ್ದಗಳಂತೆ ಟಿಪ್ಪಣಿ ಬೇಡತೊಡಗಿವೆ. ಒಂದು ಭಾಷೆಯ ಆಸ್ತಿ ಕರಗುವುದು ಹೀಗೂ ಉಂಟು.

ಶಿರಾ ಸೀಮೆಯ ನಮ್ಮೂರಿನಲ್ಲಿ ನನ್ನ ಅಣ್ಣ ಕಡಲೆಕಾಯಿ ಬೆಳೆಯುತ್ತಾನೆ. ಆ ಬರಗಾಲದಲ್ಲಿ ಬಿತ್ತಿದ ಬೀಜವೂ ಮನೆಗೆ ಮರಳಲಿಲ್ಲ. ಮತದಾನದ ರಾತ್ರಿ ಪೆಟ್ಟಿಗೆಗಳನ್ನು ಒಪ್ಪಿಸಿ ಮನೆಗೆ ಬಂದು ಅವನಿಗೆ ಫೋನು ಮಾಡಿದೆ.

“ಓಟು ಹಾಕಿ ಬಂದೆ ಕಣೋ” ಎಂದ. “ಎಲ್ಲಾ ಪಾರ್ಟಿಯವ್ರೂ ಮನೆ ಹತ್ರ ಬಂದಿದ್ರು. ಮಳೆ ವಿಚಾರ ಯಾರೂ ಎತ್ಲಿಲ್ಲ. ನಾನೂ ಎತ್ಲಿಲ್ಲ.”

“ಯಾಕಣ್ಣ ಎತ್ತಲಿಲ್ಲ?”

“ಮಳೆಯೇನು ಅವ್ರ ಕೈಲಿದ್ಯಾ?”

ಇಲ್ಲ, ಮಳೆ ಅವರ ಕೈಯಲ್ಲಿಲ್ಲ. ಆದರೆ ನಮ್ಮೂರ ಕೆರೆಯ ಹೂಳು, ಬೆಳೆವಿಮೆಯ ಹಣ, ತೀರ ಒಣಗಿದ ಸೀಮೆಗೆ ಹೊಂದುವ ಬಿತ್ತನೆಬೀಜ, ಸಾವಿರ ಅಡಿ ಕೊರೆದರೂ ಸಿಗದ ಅಂತರ್ಜಲವನ್ನು ಮತ್ತೆ ತುಂಬಿಸುವ ಬಗೆ, ಇವೆಲ್ಲ ಕೈಯಲ್ಲಿರುವ ಸಂಗತಿಗಳೇ. ಇದನ್ನು ಅಣ್ಣನಿಗೆ ಹೇಳಬೇಕೆಂದು ಬಾಯಿ ತೆರೆದವನು ಸುಮ್ಮನಾದೆ. ಅವನ ಮಾತಿನಲ್ಲಿ ನನ್ನ ಯಾವ ವಾಕ್ಯದಲ್ಲಿಯೂ ಇಲ್ಲದಿದ್ದ ಒಂದು ಪದವಿದ್ದಿತು: “ನಾನೂ ಎತ್ಲಿಲ್ಲ” ಎಂದಿದ್ದ. ಇಡೀ ದಿನ ಬಿಸಿಲನ್ನು ಶಪಿಸಿದ ನೂರಾರು ಜನರಲ್ಲಿ, ಅವರೊಡನೆ ತಲೆಯಾಡಿಸಿದ ನನ್ನನ್ನೂ ಸೇರಿಸಿ, ಅಷ್ಟು ಪ್ರಾಮಾಣಿಕವಾದ ಕರ್ತೃಪದವನ್ನು ಬಳಸಿದವರು ಒಬ್ಬರೂ ಇರಲಿಲ್ಲ.

ನಮ್ಮ ದಿನನಿತ್ಯದ ಗದ್ಯ ತಿದ್ದಿಕೊಳ್ಳಬೇಕಾದುದು ಇಲ್ಲಿಂದ ಎಂದು ನನಗೆ ತೋರುತ್ತದೆ. ಗಾಳಿ ಯಾರ ಕಡೆಗೆ ಎನ್ನುವ ಬದಲು ನಾನು ಯಾರ ಕಡೆಗೆ, ಏತಕ್ಕೆ ಎನ್ನಬಹುದು. ಮಳೆ ಕೈಕೊಟ್ಟಿತು ಎನ್ನುವ ಮುಂಚೆ, ಬಂದ ಮಳೆಗೆ ನಾವು ಕೈಯೊಡ್ಡಿದ್ದೆವೆ ಎಂದು ಕೇಳಬಹುದು. ಇದರಿಂದ ಮಳೆ ಬರುವುದಿಲ್ಲ. ಆದರೆ ಮತ ಕೇಳಲು ಬಂದವರು ಉತ್ತರ ಹೇಳಬೇಕಾಗುತ್ತದೆ.

ಅಂದು ಮತದಾನ ಮುಗಿದ ಮೇಲೆ ನಿಯಮದಂತೆ ಅಧ್ಯಕ್ಷಾಧಿಕಾರಿಯ ದಿನಚರಿಯನ್ನು ಭರ್ತಿ ಮಾಡಿದೆ. ಗಲಭೆಯಿಂದಾಗಲಿ, ಹಿಂಸಾಚಾರದಿಂದಾಗಲಿ, ನೈಸರ್ಗಿಕ ವಿಕೋಪದಿಂದಾಗಲಿ ಮತದಾನಕ್ಕೆ ಅಡ್ಡಿಯಾಯಿತೇ ಎಂಬ ಪ್ರಶ್ನೆ ಅದರಲ್ಲಿದೆ. ಅಂಗಿ ಬೆವರಿನಿಂದ ಬೆನ್ನಿಗಂಟಿತ್ತು. ಶಾಲೆಯ ನಲ್ಲಿಯಲ್ಲಿ ಮಧ್ಯಾಹ್ನದಿಂದ ನೀರಿರಲಿಲ್ಲ. ‘ಇಲ್ಲ’ ಎಂದು ಬರೆದು ಸಹಿ ಹಾಕಿದೆ.